ಇಬ್ರಿಯರ ಪತ್ರಿಕೆಯ ಎಚ್ಚರಿಕೆಗಳನ್ನು ನಮ್ಮ ಮನೆಕೂಟದಲ್ಲಿ ಓದಿದ ಬಗೆ

ಸತ್ಯವೇದದ ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ, ಅಂದರೆ ಯೆಹೂದ್ಯ ಮೂಲದ ಕ್ರೈಸ್ತರಿಗೆ, ಬರೆದ ಪತ್ರಿಕೆಯ ಆರನೆಯ ಅಧ್ಯಾಯವನ್ನು ಬೆದರಿಸುವುದಕ್ಕೆ ಬಳಸುವವರನ್ನು ನಾನು ಬಹಳ ನೋಡಿದ್ದೇನೆ. ಮಗಳು ಆರಾಧನೆಗೆ ಬರುವುದನ್ನು ಬಿಟ್ಟಳೆಂದು ತಾಯಿಗೆ ಆ ವಚನ, ಮಗ ದೇವರೇ ಇಲ್ಲ ಎಂದನೆಂದು ತಂದೆಗೆ ಆ ವಚನ. ಒಮ್ಮೆ ಬೆಳಕನ್ನು ಕಂಡು, ಪರಲೋಕದ ದಾನದ ರುಚಿ ನೋಡಿ, ಪವಿತ್ರಾತ್ಮನಲ್ಲಿ ಪಾಲುಗಾರರಾಗಿ, ಆಮೇಲೆ ಬಿದ್ದುಹೋದವರನ್ನು ತಿರುಗಿ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯ ಎಂಬ ಮಾತು ಅಲ್ಲಿದೆ, ನಿಜ. ಆದರೆ ಅದನ್ನು ಯಾರನ್ನು ಉದ್ದೇಶಿಸಿ ಹೇಳುತ್ತಾರೋ ಆ ಮನುಷ್ಯ ಸಾಮಾನ್ಯವಾಗಿ ಆ ಕೋಣೆಯಲ್ಲಿ ಇರುವುದೇ ಇಲ್ಲ. ಕೇಳಿಸಿಕೊಳ್ಳುವವರೆಲ್ಲ ಇನ್ನೂ ಬೆಂಚಿನ ಮೇಲೆ ಕುಳಿತಿರುವವರು. ಪತ್ರಿಕೆ ಬರೆದವನ ಕಣ್ಣೂ ಇವರ ಮೇಲೆಯೇ ಇತ್ತು ಎಂಬುದು ನನ್ನ ತಿಳಿವಳಿಕೆ. ಈ ತಿಳಿವಳಿಕೆಯನ್ನು ಇಟ್ಟುಕೊಂಡು ಒಂದು ಲೆಂಟ್ ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಆ ಪತ್ರಿಕೆಯನ್ನು ಹೇಗೆ ಕಲಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಲೆನಾಡಿನ ಒಂದು ಸಣ್ಣ ಪಟ್ಟಣದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ನಾನು ಹಿರಿಯರಲ್ಲಿ ಒಬ್ಬ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದವನಾದ್ದರಿಂದ ಊರಿಗೆಲ್ಲ ಮೇಷ್ಟ್ರು. ನಮ್ಮ ಕಡೆ ಕಾಫಿ ಕೊಯ್ಲು ಮುಗಿದು, ಎಲ್ಲರೂ ಹೂಮಳೆಗಾಗಿ ಆಕಾಶ ನೋಡುವ ದಿನಗಳಲ್ಲಿ ಲೆಂಟ್ ಬರುತ್ತದೆ. ಸಂಜೆಗೆ ಜನರಿಗೆ ಸ್ವಲ್ಪ ಬಿಡುವು ಇರುತ್ತದೆ. ಆಗ ವಾರಕ್ಕೊಂದು ಮನೆಯಲ್ಲಿ ಕೂಟ ಸೇರಿ ಸತ್ಯವೇದದ ಒಂದು ಭಾಗವನ್ನು ಓದುವುದು ರೂಢಿ. 2020ರ ಲಾಕ್‌ಡೌನ್ ಕಾಲದಲ್ಲಿ ಮೊಬೈಲಿನಲ್ಲಿ ಆರಾಧನೆ ನೋಡುವುದನ್ನು ಕಲಿತ ಕೆಲವು ಮನೆಗಳವರು ದೇವಾಲಯದ ಬಾಗಿಲು ತೆರೆದ ಮೇಲೂ ಬರಲಿಲ್ಲ. ಮೊದಲು ಮೊಬೈಲಿನಲ್ಲಾದರೂ ನೋಡುತ್ತಿದ್ದರು, ಆಮೇಲೆ ಅದೂ ನಿಂತಿತು. ನಮ್ಮ ಸಭಾಪಾಲಕರಾದ ಅಯ್ಯನವರು ನನ್ನನ್ನು ಕರೆದು, "ಮೇಷ್ಟ್ರೇ, ಈ ಸಲ ಇಬ್ರಿಯರ ಪತ್ರಿಕೆ ತೆಗೆದುಕೊಳ್ಳಿ. ಆದರೆ ಯಾರನ್ನೂ ಓಡಿಸಬೇಡಿ" ಎಂದರು. ಅವರ ಎರಡನೆಯ ಮಾತೇ ನನಗೆ ಪಠ್ಯಕ್ರಮವಾಯಿತು.

ಮೊದಲನೆಯ ಸಂಜೆ ವ್ಯಾಖ್ಯಾನ ಮಾಡಲಿಲ್ಲ. ಹದಿಮೂರು ಅಧ್ಯಾಯಗಳನ್ನೂ ಒಂದೇ ಕೂರುವಿಕೆಯಲ್ಲಿ ಗಟ್ಟಿಯಾಗಿ ಓದಿಸಿದೆ. ನಾಲ್ಕೈದು ಜನ ಸರದಿಯಲ್ಲಿ ಓದಿದರು. ನಿಧಾನವಾಗಿ ಓದಿದರೂ ಒಂದು ಗಂಟೆಯ ಆಸುಪಾಸು ಸಾಕು. ಇದನ್ನು ಮಾಡಲೇಬೇಕು ಎಂದು ಹೇಳುವುದಕ್ಕೆ ಕಾರಣವಿದೆ. ಬರೆದವನೇ ಕೊನೆಯಲ್ಲಿ ಇದನ್ನು ಬುದ್ಧಿವಾದದ ಮಾತು ಎಂದು ಕರೆದಿದ್ದಾನೆ, ಅಂದರೆ ಇದು ಹೆಚ್ಚುಕಡಿಮೆ ಒಂದು ಪ್ರಸಂಗ. ಪ್ರಸಂಗದ ಮಧ್ಯದಿಂದ ಮೂರು ಸಾಲು ಕಿತ್ತುಕೊಂಡರೆ ಯಾವ ಉಪದೇಶಕನ ಮಾತೂ ಭಯಂಕರವಾಗಿಯೇ ಕೇಳಿಸುತ್ತದೆ.

ಬರೆದವನು ಯಾರು ಎಂದು ಒಬ್ಬರು ಕೇಳಿಯೇ ಕೇಳುತ್ತಾರೆ. ಮೂರನೆಯ ಶತಮಾನದಲ್ಲಿಯೇ ಒರಿಗೆನ್ ಎಂಬ ಪಂಡಿತ, ಅದು ದೇವರಿಗೊಬ್ಬನಿಗೇ ಗೊತ್ತು ಎಂದು ಕೈಮುಗಿದಿದ್ದಾನೆ. ಅದನ್ನು ಹೇಳಿ ಮುಂದೆ ಹೋದೆ. ಓದುವವರಿಗೆ ಬರೆದವನ ಹೆಸರಿಗಿಂತ ಕೇಳಿದವರ ಸ್ಥಿತಿ ಮುಖ್ಯ, ಅದು ಪತ್ರಿಕೆಯಲ್ಲಿಯೇ ಇದೆ. ಹತ್ತನೆಯ ಅಧ್ಯಾಯದ 32ರಿಂದ 34ರವರೆಗೆ ನೋಡಬೇಕು. ನಂಬಿದ ಹೊಸದರಲ್ಲಿ ಇವರು ಜನರ ಮುಂದೆ ನಿಂದೆ ಅನುಭವಿಸಿದ್ದರು, ಸೆರೆಯಲ್ಲಿದ್ದವರ ಕಷ್ಟದಲ್ಲಿ ಪಾಲು ತೆಗೆದುಕೊಂಡಿದ್ದರು, ಆಸ್ತಿ ಸುಲಿಗೆಯಾದಾಗ ಸಂತೋಷದಿಂದ ಬಿಟ್ಟುಕೊಟ್ಟಿದ್ದರು. ಹನ್ನೆರಡನೆಯ ಅಧ್ಯಾಯದ ಪ್ರಕಾರ ರಕ್ತ ಸುರಿಸುವಷ್ಟರ ಮಟ್ಟಿಗೆ ಇನ್ನೂ ಬಂದಿರಲಿಲ್ಲ. ಹೀಗೆ ವರ್ಷಗಳು ಕಳೆದಿವೆ, ಕಾದದ್ದು ಬಂದಿಲ್ಲ, ಕೈಗಳು ಜೋತುಬಿದ್ದಿವೆ, ಮೊಣಕಾಲುಗಳು ಕುಸಿದಿವೆ. ಕೆಲವರು ಆಗಲೇ ಕೂಟಕ್ಕೆ ಬರುವುದನ್ನು ಬಿಟ್ಟಿದ್ದಾರೆ. ಯೆಹೂದ್ಯರ ಮೋಶೆಯ ಧರ್ಮಶಾಸ್ತ್ರದ ಹಳೆಯ ಆಚರಣೆಗಳ ಕಡೆಗೆ, ಗುರುತು ಪರಿಚಯದ ಕಡೆಗೆ ಹಿಂದಿರುಗಿದರೆ ಈ ತೊಂದರೆಯೆಲ್ಲ ತಪ್ಪುತ್ತದಲ್ಲ ಎಂಬ ಯೋಚನೆ ಇವರದು ಎಂದು ವಿದ್ವಾಂಸರಲ್ಲಿ ಹೆಚ್ಚಿನವರು ಹೇಳುತ್ತಾರೆ. ಇಷ್ಟನ್ನು ವಿವರಿಸಿದ ಮೇಲೆ ನಮ್ಮ ಕೂಟದಲ್ಲಿ ಯಾರಿಗೂ ಇವರು ಅಪರಿಚಿತರು ಎನಿಸಲಿಲ್ಲ.

ಎರಡನೆಯ ಸಂಜೆ ಎಲ್ಲರಿಗೂ ಎರಡೆರಡು ಬಣ್ಣದ ಪೆನ್ಸಿಲ್ ಕೊಟ್ಟೆ, ಕೆಂಪು ಮತ್ತು ನೀಲಿ. ಪತ್ರಿಕೆಯಲ್ಲಿ ದೊಡ್ಡ ಎಚ್ಚರಿಕೆಗಳು ಐದು ಕಡೆ ಬರುತ್ತವೆ: ಎರಡನೆಯ ಅಧ್ಯಾಯದ ಮೊದಲ ನಾಲ್ಕು ವಚನಗಳು, 3:7ರಿಂದ 4:13, 5:11ರಿಂದ 6:8, 10:26ರಿಂದ 31, ಹನ್ನೆರಡನೆಯ ಅಧ್ಯಾಯದ ಕೊನೆಯ ಭಾಗ. ಇವಕ್ಕೆ ಕೆಂಪು ಗೆರೆ. ಆಮೇಲೆ, ಪ್ರತಿ ಕೆಂಪು ಗೆರೆ ಮುಗಿದ ತಕ್ಷಣ ಏನು ಬರುತ್ತದೆ ಎಂದು ನೋಡಿ, ಸಮಾಧಾನದ ಮಾತಾದರೆ ನೀಲಿ ಹಾಕಿ ಎಂದೆ. ಇಸ್ರಾಯೇಲರು ಕಾದೇಶಿನಲ್ಲಿ ದೇವರಿಗೆ ಅವಿಧೇಯರಾದ ಕಥೆಯ (ಅದು ಮುಂದೆ ಬರುತ್ತದೆ) ಬೆನ್ನಿಗೇ ನಮ್ಮ ದೌರ್ಬಲ್ಯಗಳನ್ನು ಬಲ್ಲ ಮಹಾಯಾಜಕನಾದ ಯೇಸು ಇದ್ದಾನೆ, ಧೈರ್ಯವಾಗಿ ಕೃಪಾಸನದ ಮುಂದೆ ಬನ್ನಿ ಎಂಬ ಕರೆ ಇದೆ. ಅಸಾಧ್ಯ ಎಂಬ ಮಾತಾದ ಮೂರೇ ವಚನಗಳಲ್ಲಿ, ಪ್ರಿಯರೇ, ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ, ನೀವು ಮಾಡಿದ ಸೇವೆಯನ್ನು ಮರೆಯುವಷ್ಟು ದೇವರು ಅನ್ಯಾಯಗಾರನಲ್ಲ ಎನ್ನುತ್ತಾನೆ. ಜೀವವುಳ್ಳ ದೇವರ ಕೈಯಲ್ಲಿ ಸಿಕ್ಕಿಬೀಳುವುದು ಭಯಂಕರ ಎಂದ ಮರುಸಾಲಿನಲ್ಲಿಯೇ ನಿಮ್ಮ ಹಿಂದಿನ ದಿನಗಳನ್ನು ನೆನಪಿಸಿಕೊಳ್ಳಿ ಎನ್ನುತ್ತಾನೆ. ಗೆರೆ ಎಳೆಯುತ್ತಿದ್ದ ಹಿರಿಯ ಹೆಂಗಸೊಬ್ಬರು, "ನಲವತ್ತು ವರ್ಷದಿಂದ ಕೆಂಪನ್ನೇ ಕೇಳಿದ್ದೇನೆ" ಎಂದರು. ಅವರು ಯಾರ ಪ್ರಸಂಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆಂದರೋ, ನಾನು ಕೆದಕಲಿಲ್ಲ.

ನೀಲಿಯನ್ನು ತೋರಿಸಿದೆನೆಂದು ಕೆಂಪನ್ನು ಅಳಿಸಿದ ಹಾಗಲ್ಲ. ಈಗಿನ ಕೆಲವು ಉಪದೇಶಕರಿಗೆ ಎಚ್ಚರಿಕೆ ಎಂದರೇ ಮುಜುಗರ. ಎಲ್ಲವನ್ನೂ ಪ್ರೋತ್ಸಾಹದ ಮಾತಾಗಿ ಮೆತ್ತಗೆ ಮಾಡಿ ಬಡಿಸುತ್ತಾರೆ. ಪತ್ರಿಕೆಯ ವಾದ ಅಷ್ಟು ಮೆತ್ತಗಿಲ್ಲ. ಕ್ರಿಸ್ತನು ಒಂದೇ ಸಾರಿ, ಎಲ್ಲ ಕಾಲಕ್ಕೂ ಸಾಕಾಗುವ ಹಾಗೆ ತನ್ನನ್ನು ಯಜ್ಞವಾಗಿ ಒಪ್ಪಿಸಿದನು ಎಂಬುದನ್ನು ಏಳರಿಂದ ಹತ್ತನೆಯ ಅಧ್ಯಾಯದವರೆಗೆ ಕಟ್ಟಿಕೊಂಡು ಬರುತ್ತಾನೆ. ಹಾಗಾದರೆ ಅದನ್ನು ತಿಳಿದೂ ತಿಳಿದೂ ತುಳಿದು ಹೋದವನಿಗೆ ಎರಡನೆಯ ಯಜ್ಞ ಎಲ್ಲಿಂದ ಬರಬೇಕು? 10:26ರ ಭಯವಿರುವುದು ಇಲ್ಲಿ. ದೇವರು ಜಿಪುಣನೆಂದಲ್ಲ, ಕೊಡುವುದಕ್ಕೆ ಇದಕ್ಕಿಂತ ದೊಡ್ಡದು ಅವನ ಬಳಿಯಲ್ಲಿಯೂ ಇಲ್ಲವೆಂದು. ಈ ತರ್ಕವನ್ನು ಬಿಡಿಸಿ ಹೇಳಿದಾಗ ಕೂಟದಲ್ಲಿ ಗದ್ದಲವೆಲ್ಲ ನಿಂತಿತು. ಗದರಿಸಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ.

ಎರಡನೆಯ ಅಧ್ಯಾಯಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಕೇಳಿದ್ದಕ್ಕೆ ಲಕ್ಷ್ಯ ಕೊಡದೆ ಹೋದರೆ ನಮಗೇ ತಿಳಿಯದಂತೆ ದಡದಿಂದ ದೂರ ಸರಿಯುತ್ತೇವೆ ಎಂಬುದು ಅದರ ಸಾರ. ಮೂರನೆಯ ಅಧ್ಯಾಯದಲ್ಲಿ ಮಾತ್ರ ಎರಡು ಸಂಜೆ ನಿಂತೆವು, ಏಕೆಂದರೆ ಅದು ಕೀರ್ತನೆ 95ನ್ನು ಎತ್ತಿಕೊಂಡು ನಮ್ಮನ್ನು ಅರಣ್ಯಕಾಂಡದ 13 ಮತ್ತು 14ನೆಯ ಅಧ್ಯಾಯಗಳಿಗೆ ಕರೆದೊಯ್ಯುತ್ತದೆ. ಮೋಶೆ ಕಳಿಸಿದ ಹನ್ನೆರಡು ಗೂಢಚಾರರು ನಲವತ್ತು ದಿನ ಕಾನಾನ್ ದೇಶವನ್ನು ಸುತ್ತಿ ಕಾದೇಶಿಗೆ ಮರಳಿದರು. ದ್ರಾಕ್ಷಿಯ ಗೊಂಚಲನ್ನು ಇಬ್ಬರು ಅಡ್ಡಕೋಲಿನ ಮೇಲೆ ಹೊತ್ತು ತಂದರು. ದೇಶ ಒಳ್ಳೆಯದೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹತ್ತು ಜನ ಅಲ್ಲಿನ ಜನರ ಎತ್ತರ ನೋಡಿ ಹೆದರಿದರು, ಕಾಲೇಬ ಯೆಹೋಶುವರಿಬ್ಬರೇ ಹೋಗೋಣ ಎಂದರು. ಆ ರಾತ್ರಿಯೆಲ್ಲ ಜನರು ಅತ್ತು, ಒಬ್ಬ ನಾಯಕನನ್ನು ಮಾಡಿಕೊಂಡು ಐಗುಪ್ತಕ್ಕೆ ಹಿಂದಿರುಗೋಣ ಎಂದು ಮಾತಾಡಿಕೊಂಡರು.

ಇಲ್ಲಿ ನಾನು ಅರಣ್ಯಕಾಂಡದ ಹನ್ನೊಂದನೆಯ ಅಧ್ಯಾಯದ ಐದನೆಯ ವಚನವನ್ನೂ ಸೇರಿಸಿ ಓದಿಸಿದೆ. ಐಗುಪ್ತದಲ್ಲಿ ಪುಕ್ಕಟೆಯಾಗಿ ತಿನ್ನುತ್ತಿದ್ದ ಮೀನು, ಸವತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿಗಳ ಪಟ್ಟಿ ಅಲ್ಲಿದೆ. ಅದೇ ಐಗುಪ್ತದಲ್ಲಿ ಅವರ ಗಂಡುಮಕ್ಕಳನ್ನು ನೈಲ್ ನದಿಗೆ ಎಸೆಯಲಾಗಿತ್ತು, ಅದು ಪಟ್ಟಿಯಲ್ಲಿಲ್ಲ. ಈ ಒಂದು ವಚನದ ಮೇಲೆ ನಡೆದಷ್ಟು ಮಾತುಕತೆ ಮತ್ತಾವುದರ ಮೇಲೂ ನಡೆಯಲಿಲ್ಲ. ಕುಡಿತ ಬಿಟ್ಟು ಬಹುಕಾಲವಾಗಿದ್ದ ಒಬ್ಬರು ತಮಗೆ ಈಗ ಏನು ನೆನಪಾಗುತ್ತದೆ ಎಂದು ಹೇಳಿದರು. ನೆನಪಾಗುವುದು ಸಂಜೆಯ ಗೆಳೆಯರ ನಗು, ಬಿಸಿ ಮೀನು ಹುರಿದ ವಾಸನೆ. ಹೆಂಡತಿಯ ಬಳೆ ಅಡವಿಟ್ಟದ್ದು ತಾನಾಗಿ ನೆನಪಿಗೆ ಬರುವುದೇ ಇಲ್ಲವಂತೆ, ಅದನ್ನು ಹೆಂಡತಿಯೇ ನೆನಪಿಸಬೇಕು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ, "ನೆನಪಿಸುತ್ತೇನೆ, ಬಿಡುವುದಿಲ್ಲ" ಎಂದರು. ಎಲ್ಲರೂ ನಕ್ಕರು. ನಂಬಿಕೆಯನ್ನು ಬಿಡುವ ದಾರಿ ವಾದದಿಂದ ಶುರುವಾಗುವುದು ಅಪರೂಪ ಎಂದು ನಾನು ತಿಳಿದುಕೊಂಡಿರುವುದಕ್ಕೆ ಇಂಥ ಮಾತುಗಳೇ ಆಧಾರ. ಹಳೆಯದರಲ್ಲಿ ರುಚಿಯಾದದ್ದನ್ನು ಮಾತ್ರ ಆರಿಸಿ ನೆನೆಯುವುದರಿಂದ ಅದು ಶುರುವಾಗುತ್ತದೆ.

ಇಬ್ರಿಯರ ಪತ್ರಿಕೆಯ ಮೂರನೆಯ ಅಧ್ಯಾಯದ 13ನೆಯ ವಚನದಲ್ಲಿ ಪರಿಹಾರವೂ ಇದೆ: "ಈ ಹೊತ್ತು" ಎನ್ನುವ ಕಾಲ ಇರುವ ತನಕ ಪ್ರತಿನಿತ್ಯವೂ ಒಬ್ಬರನ್ನೊಬ್ಬರು ಎಚ್ಚರಿಸಬೇಕು. ಭಾನುವಾರ ಮಾತ್ರ ಎಂದಿಲ್ಲ, ಅಯ್ಯನವರು ಮಾತ್ರ ಎಂದೂ ಇಲ್ಲ. ಆದ್ದರಿಂದ ಬಂದವರನ್ನೆಲ್ಲ ಇಬ್ಬಿಬ್ಬರ ಜೊತೆ ಮಾಡಿದೆ. ಒಂದೇ ಮನೆಯವರನ್ನು ಜೊತೆ ಮಾಡಲಿಲ್ಲ. ವಿಧವೆ ಅಜ್ಜಿಗೆ ಕಾಲೇಜು ಹುಡುಗಿ, ತೋಟದ ರೈಟರಿಗೆ ಬ್ಯಾಂಕಿನ ಗುಮಾಸ್ತ. ದಿನಕ್ಕೊಮ್ಮೆ ಫೋನು ಅಥವಾ ಭೇಟಿ, ಐದು ನಿಮಿಷ ಸಾಕು. ನಿಯಮ ಒಂದೇ, ವಚನ ಕಳಿಸಿ ಕೈತೊಳೆದುಕೊಳ್ಳಬಾರದು. ಬೆಳಗಾದರೆ ಸೂರ್ಯೋದಯದ ಚಿತ್ರದ ಮೇಲೆ ವಚನ ಬರೆದು ವಾಟ್ಸಾಪಿನಲ್ಲಿ ನೂರು ಜನಕ್ಕೆ ಹಂಚುವುದನ್ನು ನಾನು ಎಚ್ಚರಿಸುವುದು ಎಂದು ಒಪ್ಪುವುದಿಲ್ಲ. ಈ ದಿನ ಹೇಗಿತ್ತು ಎಂದು ಕೇಳಬೇಕು, ಕೇಳಿ ಸುಮ್ಮನಿರಬೇಕು. ಎಲ್ಲ ಜೊತೆಗಳೂ ನಡೆಯಲಿಲ್ಲ. ಗಂಡಸರ ಜೊತೆಗಳು ಬೇಗ ಕಾಫಿ ದರ ಮತ್ತು ಕ್ರಿಕೆಟ್ಟಿಗೆ ಇಳಿದವು. ಆದರೆ ಅಜ್ಜಿ ಮತ್ತು ಕಾಲೇಜು ಹುಡುಗಿಯ ಜೊತೆ ಲೆಂಟ್ ಮುಗಿದು ಎಷ್ಟೋ ತಿಂಗಳಾದರೂ ನಡೆಯುತ್ತಿದೆ. ಹುಡುಗಿ ಈಗ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದಾಳೆ. ಭಾನುವಾರ ಬೆಳಿಗ್ಗೆ ಅವಳಿಗೆ ನಿದ್ದೆಯ ಹೊತ್ತು. ಅಜ್ಜಿ ಸಂಜೆ ಐದಕ್ಕೆ ಫೋನು ಮಾಡಿ ಎಬ್ಬಿಸಿ ಸಂಜೆಯ ಆರಾಧನೆಗೆ ಕಳಿಸುತ್ತಾರೆ.

ಆರನೆಯ ಅಧ್ಯಾಯ ಬಂದಾಗ ಅದುವರೆಗೆ ಬಾರದ ಕೆಲವರೂ ಬಂದರು. ಜಗಳ ನೋಡುವ ಆಸೆ ಯಾರಿಗಿಲ್ಲ? ಒಮ್ಮೆ ರಕ್ಷಣೆ ಹೊಂದಿದವನು ಅದನ್ನು ಕಳೆದುಕೊಳ್ಳಬಹುದೇ ಎಂಬುದು ಹಳೆಯ ವಿವಾದ. ಹಾಲೆಂಡಿನ ಡೋರ್ಟ್ ಪಟ್ಟಣದಲ್ಲಿ 1618-19ರಲ್ಲಿ ಸೇರಿದ ಸಭೆ, ದೇವರು ನಿಜವಾಗಿ ಕರೆದವರನ್ನು ಕೊನೆಯವರೆಗೂ ಕಾಯುತ್ತಾನೆ ಎಂದು ನಿರ್ಣಯಿಸಿತು. ಡಚ್ ಪಂಡಿತ ಅರ್ಮೀನಿಯಸ್‌ನ ಹಾದಿಯವರು, ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಯೂ, ವಿಶ್ವಾಸಿ ಬೀಳುವುದು ಸಾಧ್ಯ ಎಂದರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನರು, ಮೆಥಡಿಸ್ಟರು, ಪ್ರೆಸ್‌ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಪರಂಪರೆಯವರು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಈ ಎರಡೂ ಮನೆತನಗಳು ಒಂದೇ ಬೆಂಚಿನ ಮೇಲೆ ಕುಳಿತವು. ನಮ್ಮ ಸಭೆಯಲ್ಲಿ ಈಗಲೂ ಯಾರ ಅಜ್ಜ ಯಾವ ಮಿಷನ್ನಿನವನು ಎಂದು ಈ ಪ್ರಶ್ನೆಗೆ ಕೊಡುವ ಉತ್ತರದಿಂದಲೇ ಊಹಿಸಬಹುದು.

ನಾನು ಮೂರು ಅರ್ಥಗಳನ್ನು ಪಕ್ಷಪಾತವಿಲ್ಲದೆ ಮುಂದಿಟ್ಟೆ. ಇಲ್ಲಿ ಹೇಳಿರುವವರು ನಿಜವಾದ ವಿಶ್ವಾಸಿಗಳು, ಬಿದ್ದುಹೋದರು ಎಂಬುದು ಒಂದು. ಇವರು ಒಳಗಿನ ರುಚಿಯನ್ನೆಲ್ಲ ನೋಡಿಯೂ ಬೇರುಬಿಡದೆ ಇದ್ದವರು ಎಂಬುದು ಇನ್ನೊಂದು. ಯೋಹಾನನ ಮೊದಲನೆಯ ಪತ್ರಿಕೆಯ 2:19, ಅವರು ನಮ್ಮನ್ನು ಬಿಟ್ಟುಹೋದದ್ದರಿಂದಲೇ ನಮ್ಮವರಲ್ಲವೆಂದು ತಿಳಿಯಿತು ಎನ್ನುವುದು, ಇದಕ್ಕೆ ಆಧಾರ. ಮೂರನೆಯದು ನನಗೆ ಹಿಡಿಸಿದ್ದು: ದೇವರು ತನ್ನವರನ್ನು ಕಾಯುವ ಸಾಧನಗಳಲ್ಲಿ ಈ ಎಚ್ಚರಿಕೆಯೂ ಒಂದು. ಶಿರಾಡಿ ಘಾಟಿಯ ತಿರುವಿನಲ್ಲಿ ಅಪಾಯದ ಫಲಕ ನೆಟ್ಟಿರುತ್ತಾರಲ್ಲ. ನಿಮ್ಮ ಬಸ್ಸು ಕಂದಕಕ್ಕೆ ಬಿದ್ದಿದೆ ಎಂದು ಹೇಳುವುದು ಅದರ ಉದ್ದೇಶವಲ್ಲ, ಕಂದಕ ಸುಳ್ಳು ಎಂದೂ ಅಲ್ಲ. ಫಲಕ ನೋಡಿ ವೇಗ ಇಳಿಸಿದ ಚಾಲಕ ಕ್ಷೇಮವಾಗಿ ಉಪ್ಪಿನಂಗಡಿ ತಲುಪುತ್ತಾನೆ. ಮೂರರಲ್ಲಿ ಯಾವುದನ್ನು ಹಿಡಿದರೂ ಮಾಡಬೇಕಾದ ಕೆಲಸ ಒಂದೇ ಎಂದೆ. ಮೆಥಡಿಸ್ಟ್ ಮನೆತನದ ಒಬ್ಬರು ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಕೂಟ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬ ಯುವಕ ಹಿಂದೆ ಉಳಿದ. "ಮೇಷ್ಟ್ರೇ, ನಾನು ಮೂರು ವರ್ಷ ಪ್ರಾರ್ಥನೆ ಬಿಟ್ಟಿದ್ದೆ. ಕೋಪದಲ್ಲಿ ಯೇಸುವಿನ ವಿಷಯವಾಗಿ ಕೆಟ್ಟ ಮಾತು ಆಡಿದ್ದೇನೆ. ನನ್ನದು ಮುಗಿಯಿತೇ?" ಎಂದ. ಈ ಪ್ರಶ್ನೆ ಬಂದೇ ಬರುತ್ತದೆ, ಕಲಿಸುವವರು ಮೊದಲೇ ಸಿದ್ಧವಾಗಿರಬೇಕು. ನಾನು ಅವನಿಗೆ ಉತ್ತರ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿದೆ: "ಈಗ ನಿನಗೆ ಕ್ರಿಸ್ತ ಬೇಕೋ ಬೇಡವೋ?" ಅವನ ಕಣ್ಣು ತುಂಬಿತು. ಹತ್ತನೆಯ ಅಧ್ಯಾಯದ 29ನೆಯ ವಚನ ತೆರೆದು ತೋರಿಸಿದೆ. ದೇವಕುಮಾರನನ್ನು ಕಾಲಕೆಳಗೆ ಹಾಕಿ ತುಳಿಯುವುದು, ತನ್ನನ್ನು ಶುದ್ಧಿಮಾಡಿದ ರಕ್ತವನ್ನು ಕ್ಷುಲ್ಲಕವೆನ್ನುವುದು, ಕೃಪೆಯ ಆತ್ಮನನ್ನು ಅವಮಾನಿಸುವುದು ಅಲ್ಲಿ ಹೇಳಿರುವ ಪಾಪ. ಅದು ಬೇಕೆಂದೇ ಹಿಡಿದು, ಹಿಡಿದದ್ದನ್ನು ಬಿಡದಿರುವ ನಿಲುವು. ತಾನು ತುಳಿದೆನೇನೋ ಎಂದು ಅಳುವವನು ತುಳಿಯುತ್ತಿರುವವನಲ್ಲ. ಯೇಸುವಿನ ಶಿಷ್ಯ ಪೇತ್ರ ಮೂರು ಸಲ, ಆಣೆಯಿಟ್ಟು, ಅವನನ್ನು ಅರಿಯೆನು ಎಂದನಲ್ಲ! ಅವನು ಅಲ್ಲಗಳೆಯುವ ಮೊದಲೇ ಯೇಸು, ನಿನ್ನ ನಂಬಿಕೆ ಕುಂದದಂತೆ ಬೇಡಿಕೊಂಡಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂದಿದ್ದನ್ನು ಲೂಕ 22ರಲ್ಲಿ ಓದಿದೆವು. ಅಳುವವನಿಗೆ ಆರನೆಯ ಅಧ್ಯಾಯವನ್ನು ಒಂಟಿಯಾಗಿ ಮನೆಗೆ ಕಳಿಸಬಾರದು. ಅದು ನಾನು ಪಾಲಿಸುವ ನಿಯಮ. ಆ ರಾತ್ರಿ ಅವನನ್ನು ಮನೆಯವರೆಗೆ ಬಿಟ್ಟು ಬಂದೆ.

ಮುಂದಿನ ವಾರ ಈ ಕಾರಣದಿಂದಲೇ ಪತ್ರಿಕೆಯನ್ನು ಬದಿಗಿಟ್ಟು ಚರಿತ್ರೆ ಹೇಳಿದೆ. ರೋಮ್ ಚಕ್ರವರ್ತಿ ದೇಕಿಯಸ್ ಸಾಮ್ರಾಜ್ಯದ ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಅರ್ಪಿಸಿದವರಿಗೆ ಅಧಿಕಾರಿಗಳ ಸಹಿಯ ಪ್ರಮಾಣಪತ್ರ. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಕೆಡದೆ ಉಳಿದು ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಅವುಗಳಲ್ಲಿ ಒಂದು ಅಲೆಕ್ಸಾಂಡರನ ದ್ವೀಪ ಎಂಬ ಹಳ್ಳಿಯ ಅವುರೇಲಿಯಸ್ ಡಿಯೋಜೆನಿಸ್ ಎಂಬವನದು: ವಯಸ್ಸು 72, ಬಲಹುಬ್ಬಿನ ಮೇಲೆ ಗಾಯದ ಗುರುತು, ತಾರೀಖು ಕ್ರಿ.ಶ. 250ರ ಜೂನ್ 26. ಅವನು ಕ್ರೈಸ್ತನೆಂದೇನೂ ಅಲ್ಲ, ಆಜ್ಞೆ ಎಲ್ಲರಿಗೂ ಅನ್ವಯವಾಗಿತ್ತು. ಆದರೆ ಆ ಪತ್ರಗಳ ಒಕ್ಕಣೆ ಕೇಳಬೇಕು. ಈಗ ಬಲಿ ಕೊಟ್ಟೆ ಎಂದಷ್ಟೇ ಬರೆದರೆ ಸಾಲದು, ನಾನು ಯಾವಾಗಲೂ ದೇವತೆಗಳಿಗೆ ಬಲಿ ಅರ್ಪಿಸುತ್ತ ಬಂದಿದ್ದೇನೆ ಎಂದೂ ಬರೆಯಬೇಕು. ಕ್ರೈಸ್ತನೊಬ್ಬ ಅದಕ್ಕೆ ಒಪ್ಪಿದರೆ ತನ್ನ ದೀಕ್ಷಾಸ್ನಾನವನ್ನೂ, ಹಿಂದಿನ ಬದುಕನ್ನೂ ಒಂದೇ ಸಾಲಿನಲ್ಲಿ ಅಳಿಸಿದ ಹಾಗೆ.

ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಆ ದಿನಗಳ ಬಗ್ಗೆ ಬರೆದದ್ದನ್ನು ಓದಿದರೆ ನಾಚಿಕೆಯಾಗುತ್ತದೆ. ಸೈನಿಕರು ಎಳೆದುಕೊಂಡು ಹೋಗುವ ಮೊದಲೇ ಜನ ತಾವಾಗಿ ಓಡಿದರಂತೆ. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೂ, ಇವತ್ತೇ ಮುಗಿಸಿಬಿಡಿ ಎಂದು ಬೇಡಿಕೊಂಡವರಿದ್ದರಂತೆ. ಕೆಲವರು ಬಲಿ ಕೊಡದೆ ಹಣ ಕೊಟ್ಟು ಪತ್ರ ಮಾತ್ರ ಕೊಂಡರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಸಭೆಯ ಬಾಗಿಲಿಗೆ ಬಂದು ನಿಂತರು. ಏನು ಮಾಡಬೇಕು? ರೋಮಿನಲ್ಲಿ ನೊವೇಶಿಯನ್ ಎಂಬವನು, ಕ್ಷಮಿಸುವ ಅಧಿಕಾರ ಸಭೆಗಿಲ್ಲ, ಒಳಗೆ ಬಿಡುವುದಿಲ್ಲ ಎಂದ. ಅವನ ಪಂಗಡದವರು ನಮ್ಮ ಈ ಆರನೆಯ ಅಧ್ಯಾಯವನ್ನೇ ಹಿಡಿದು ವಾದಿಸಿದರು. ಅವರಿಂದಾಗಿ ಕೆಲವು ಕಡೆ ಇಬ್ರಿಯರ ಪತ್ರಿಕೆಯನ್ನು ಸಭೆಯಲ್ಲಿ ಓದಲೂ ಹಿಂಜರಿಯುತ್ತಿದ್ದರೆಂದು ನಾಲ್ಕನೆಯ ಶತಮಾನದ ಬ್ರೆಶಿಯಾದ ಬಿಷಪ್ ಫಿಲಾಸ್ಟ್ರಿಯಸ್ ಬರೆದಿಟ್ಟಿದ್ದಾನೆ. ಸಿಪ್ರಿಯನ್ ಇನ್ನೊಂದು ತುದಿಗೂ ಹೋಗಲಿಲ್ಲ, ಏನೂ ಆಗಿಲ್ಲವೆಂಬಂತೆ ಕೂಡಲೇ ಕರ್ತನ ಭೋಜನ (ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ) ಕೊಡುವವರ ಮೇಲೆ ಅವನಿಗೆ ಸಿಟ್ಟಿತ್ತು. 251ರಲ್ಲಿ ಕಾರ್ಥೇಜಿನಲ್ಲಿ ಬಿಷಪರು ಸೇರಿ, ಪತ್ರ ಮಾತ್ರ ಕೊಂಡವರನ್ನು ವಿಚಾರಿಸಿ ಸೇರಿಸಿಕೊಳ್ಳಬಹುದು, ಬಲಿ ಕೊಟ್ಟವರು ದೀರ್ಘ ಪಶ್ಚಾತ್ತಾಪದಲ್ಲಿರಬೇಕು, ಮರಣಕಾಲದಲ್ಲಿ ಅವರನ್ನೂ ಸಮಾಧಾನದಿಂದ ಸೇರಿಸಿಕೊಳ್ಳಬೇಕು ಎಂದರು. ಮತ್ತೆ ಹಿಂಸೆಯ ಸೂಚನೆ ಕಂಡಾಗ, ಪಶ್ಚಾತ್ತಾಪಪಡುತ್ತಿದ್ದ ಎಲ್ಲರನ್ನೂ ಒಳಗೆ ಕರೆದುಕೊಂಡರು. ಬಿದ್ದವರೇ ಮುಂದಿನ ಹೋರಾಟಕ್ಕೆ ಬೇಕಾಗುತ್ತಾರೆ ಎಂದು ಅವರಿಗೆ ತಿಳಿದಿತ್ತು. 258ರಲ್ಲಿ ಸಿಪ್ರಿಯನ್ ತಾನೇ ತಲೆಕೊಟ್ಟ.

ನಮ್ಮ ಕೂಟದ ಹದಿಹರೆಯದವರಿಗೆ ಈ ಕಥೆ ಹಿಡಿಸಿತು. ಅವರ ಪ್ರಶ್ನೆ ಮಾತ್ರ ಬೇರೆ. ಸಭೆಯ ಪೂರ್ಣ ಸದಸ್ಯತ್ವಕ್ಕೆ ಸಿದ್ಧಪಡಿಸುವ ದೃಢೀಕರಣದ ತರಗತಿಯಲ್ಲಿರುವ ಹುಡುಗಿಯೊಬ್ಬಳು, ನನಗೆ ಅನುಮಾನಗಳಿವೆ, ಅದೂ ತೊರೆದ ಹಾಗೆಯೇ ಎಂದು ಕೇಳಿದಳು. ಅಲ್ಲವೇ ಅಲ್ಲ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದ ತಂದೆಯ ಮಗನನ್ನು ಯೇಸು ಗುಣಪಡಿಸಿದನು. ಸಂಶಯಪಡುವವರಿಗೆ ಕರುಣೆ ತೋರಿಸಿರಿ ಎಂದು ಯೂದನ ಪತ್ರಿಕೆ ಹೇಳುತ್ತದೆ. ಮನೆಯಲ್ಲಿ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸುವ ಹಿರಿಯರೇ ಮಕ್ಕಳನ್ನು ಹೊರಗೆ ಕಳಿಸುತ್ತಿದ್ದಾರೆ ಎಂದು ಅಂದು ತುಸು ಖಾರವಾಗಿಯೇ ಹೇಳಿದೆ. ಒಂದಿಬ್ಬರು ತಂದೆಯರಿಗೆ ಅದು ರುಚಿಸಲಿಲ್ಲ.

ಕೂಟ ಬರುವವರಿಗಾಯಿತು, ಬಾರದವರನ್ನು ನಾನೂ ಅಯ್ಯನವರೂ ಮನೆಗೆ ಹೋಗಿ ಕಂಡೆವು. ಬೈಬಲ್ ಚೀಲದಲ್ಲಿಯೇ ಇರುತ್ತಿತ್ತು. ಏಕೆ ಬರುತ್ತಿಲ್ಲ ಎಂದು ಮೊದಲು ಕೇಳುತ್ತಿರಲಿಲ್ಲ, ಹೇಗಿದ್ದೀರಿ ಎಂದು ಕೇಳುತ್ತಿದ್ದೆವು. ಬಿಟ್ಟುಹೋದ ಕಾರಣಗಳಲ್ಲಿ ಸಿದ್ಧಾಂತ ಕಡಿಮೆ. ಒಬ್ಬರಿಗೆ ಸಮಾಧಿಯ ಜಾಗದ ವಿಷಯದಲ್ಲಿ ಸಮಿತಿಯವರು ಆಡಿದ ಮಾತು ಇನ್ನೂ ಚುಚ್ಚುತ್ತಿತ್ತು. ಇನ್ನೊಬ್ಬರ ಹೆಂಡತಿ ಎಂಟು ತಿಂಗಳು ಹಾಸಿಗೆ ಹಿಡಿದಿದ್ದಾಗ ಸಭೆಯಿಂದ ಯಾರೂ ಹೋಗಿರಲಿಲ್ಲ. ಒಂದು ಮನೆಯಲ್ಲಿ ಹೊರಗಿನಿಂದ ಬಂದ ಒಬ್ಬ ಪ್ರಚಾರಕ, ನಂಬಿಕೆ ಸಾಕಷ್ಟಿದ್ದರೆ ಮಗುವಿಗೆ ಗುಣವಾಗುತ್ತದೆ ಎಂದಿದ್ದ. ಗುಣವಾಗಲಿಲ್ಲ. ಮಗು ತೀರಿಕೊಂಡಾಗ ತಪ್ಪು ತಾಯಿಯ ನಂಬಿಕೆಯ ಮೇಲೆ ಬಿತ್ತು. ಆ ತಾಯಿ ಯೇಸುವನ್ನು ತೊರೆದಳೆಂದು ನಾನು ಹೇಳುವುದಿಲ್ಲ, ಆ ಪ್ರಚಾರಕ ಚಿತ್ರಿಸಿದ ಸುಳ್ಳು ಯೇಸುವನ್ನು ತೊರೆದಿದ್ದಾಳೆ. ಇಂಥ ಕಡೆ ಕೆಂಪು ಪೆನ್ಸಿಲಿಗೆ ಕೆಲಸವಿಲ್ಲ. ಹೋಗಿ ಕುಳಿತು, ಕೊಟ್ಟ ಕಾಫಿ ಕುಡಿದು, ತಪ್ಪು ನಮ್ಮ ಕಡೆಯದಾದರೆ ಅದನ್ನು ಒಪ್ಪಿ ಬರಬೇಕು. ಹನ್ನೆರಡನೆಯ ಅಧ್ಯಾಯದಲ್ಲಿ ಕುಂಟುವ ಕಾಲು ಉಳುಕದೆ ವಾಸಿಯಾಗುವಂತೆ ದಾರಿಯನ್ನು ನೆಟ್ಟಗೆ ಮಾಡಿರಿ ಎಂದಿದೆ. ದಾರಿ ಸರಿಮಾಡುವ ಕೆಲಸ ಕುಂಟುವವನಿಗೆ ಹೇಳಿದ್ದಲ್ಲ, ಸಭೆಗೆ ಹೇಳಿದ್ದು.

ಅಪೊಸ್ತಲ ಪೌಲನ ಜೊತೆಯಲ್ಲಿದ್ದ ದೇಮನ ಹಾಗೆ, ಇಹಲೋಕ ಹಿತವಾಗಿ ಕಂಡು ಹೋದವರೂ ಇದ್ದಾರೆ. ತೋಟ ದೊಡ್ಡದಾಯಿತು, ಕ್ಲಬ್ಬಿನ ಗೆಳೆತನ ಬಂತು, ಭಾನುವಾರ ಬೇರೆ ಕೆಲಸಕ್ಕೆ ಹೋಯಿತು. ಅಂಥವರಿಗೆ ಏಸಾವನ ಕಥೆ ನೇರವಾಗಿ ಹೇಳುತ್ತೇನೆ, ಒಂದು ಹೊತ್ತಿನ ಊಟಕ್ಕೆ ಚೊಚ್ಚಲ ಮಗನ ಹಕ್ಕನ್ನು ಮಾರಿದವನ ಕಥೆ. ನಯವಾಗಿ ಹೇಳುತ್ತೇನೆ, ಆದರೆ ಬಿಡುವುದಿಲ್ಲ. ಚೆನ್ನಾಗಿ ಯೋಚಿಸಿ, ಇನ್ನು ನನಗೆ ಇದರಲ್ಲಿ ನಂಬಿಕೆಯಿಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದ ಒಬ್ಬ ಗೆಳೆಯನಿದ್ದಾನೆ. ಅವನ ಅಂತಃಕರಣವನ್ನು ಬಲವಂತಪಡಿಸುವ ಹಕ್ಕು ನನಗಿಲ್ಲ. ಅವನು ಯಾವ ಕಂದಕದ ಅಂಚಿನಲ್ಲಿದ್ದಾನೆಂದು ನಾನು ನಂಬುತ್ತೇನೋ ಅದನ್ನು ಒಮ್ಮೆ ಸ್ಪಷ್ಟವಾಗಿ ಹೇಳಿದೆ. ಆಮೇಲೆ ನಮ್ಮ ವಾರದ ಚದುರಂಗದಾಟ ಎಂದಿನಂತೆ ನಡೆದಿದೆ. ಅವನಿಗಾಗಿ ಪ್ರಾರ್ಥಿಸುವುದನ್ನು ಅವನು ತಡೆಯುವಂತಿಲ್ಲ, ಅದನ್ನು ಅವನಿಗೂ ತಿಳಿಸಿದ್ದೇನೆ.

ಈಸ್ಟರ್ ಹೊತ್ತಿಗೆ ಕೆಲವರು ಮರಳಿ ಬಂದಾಗ ಹೊಸ ಪ್ರಶ್ನೆ ಎದ್ದಿತು. ಬಂದವರು ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಂಡ ಮೇಲೆಯೇ ಕರ್ತನ ಭೋಜನಕ್ಕೆ ಬರಬೇಕೆಂದು ಹಿರಿಯರ ಸಭೆಯಲ್ಲಿ ಒಬ್ಬರು ಪಟ್ಟು ಹಿಡಿದರು. ನಾನು ಎರಡನೆಯ ಕೊರಿಂಥದ ಎರಡನೆಯ ಅಧ್ಯಾಯ ತೆಗೆದು, ಅತಿಯಾದ ದುಃಖದಲ್ಲಿ ಮುಳುಗಿಹೋಗದಂತೆ ಅವನನ್ನು ಮನ್ನಿಸಿ ಸಂತೈಸಿರಿ ಎಂದು ಪೌಲ ಹೇಳುವುದನ್ನು ಓದಿದೆ. ಸಮಾಧಿ ಜಾಗದ ಜಗಳದಲ್ಲಿ ಸಮಿತಿಯವರೂ ಎದ್ದುನಿಂತು ತಪ್ಪೊಪ್ಪಿಕೊಳ್ಳಲು ಸಿದ್ಧರಿದ್ದರೆ ನನ್ನದೇನೂ ಅಡ್ಡಿಯಿಲ್ಲ ಎಂದೂ ಹೇಳಿದೆ. ಕೊನೆಗೆ, ಮರಳಿ ಬಂದವರೊಡನೆ ಅಯ್ಯನವರು ಮತ್ತು ಒಬ್ಬ ಹಿರಿಯರು ಮನೆಯಲ್ಲಿ ಮಾತಾಡಿ, ಪ್ರಾರ್ಥಿಸಿ, ಮುಂದಿನ ಭಾನುವಾರವೇ ಭೋಜನಕ್ಕೆ ಬರಮಾಡಿಕೊಳ್ಳುವುದೆಂದು ತೀರ್ಮಾನವಾಯಿತು. ಬಹಿರಂಗವಾಗಿ ನಂಬಿಕೆಯನ್ನು ಹಳಿದು ಹೋಗಿ ಮರಳಿದವರ ವಿಷಯದಲ್ಲಿ ಮಾತ್ರ ಒಮ್ಮತ ಬಂದಿಲ್ಲ. ಅಂಥವರು ಸದ್ಯ ಒಬ್ಬರಿದ್ದಾರೆ, ಅವರೇ ನಿಂತು ಸಾಕ್ಷಿ ಹೇಳಬೇಕೆಂದಿದ್ದಾರೆ, ಹೇಳಿಸಬೇಕೋ ಬೇಡವೋ ಎಂಬುದು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆ. ಅವರು ಹೇಳಲಿ, ಆದರೆ ಹಿಂದಿನ ವಿವರಗಳಿಗೆ ಐದು ನಿಮಿಷ ಮೀರದಿರಲಿ ಎಂಬುದು ನನ್ನ ಅಭಿಪ್ರಾಯ.